ಸ್ಕೀಜೋರಿಂಗ್ ಕುದುರೆಗಳಿಗೆ ಮಾತ್ರ ಸೇರಿದ್ದಲ್ಲ

ಮಾನ್ಯ ಸಂಪಾದಕರೇ,

ಚಳಿಗಾಲದ ಆಟಗಳ ಬಗೆಗಿನ ನಿಮ್ಮ ಚಿತ್ರಪುಟದಲ್ಲಿ ಸ್ಕೀಜೋರಿಂಗ್ (ಹಿಮದ ಮೇಲೆ ಸ್ಕೀ ಹಲಗೆ ತೊಟ್ಟವರನ್ನು ಪ್ರಾಣಿ ಎಳೆದೊಯ್ಯುವ ಆಟ) ಎಂದು ಬರೀ ಕುದುರೆಗಳೇ ಇದ್ದವು. 1928ರ ಸೇಂಟ್ ಮಾರಿಟ್ಸ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ಕಿದ್ದದ್ದು ಕುದುರೆಗಳೇ, ಸರಿ. ಆದರೆ ನಾನಿರುವ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಾಯಿಗಳದ್ದೇ ಕಾರುಬಾರು.

ನಮ್ಮ ಸೊಂಟಕ್ಕೊಂದು ಅಗಲ ಪಟ್ಟಿ, ನಾಯಿಗೆ ಹಾರ್ನೆಸ್ (ಮೈಗೆ ಬಿಗಿಯುವ ಪಟ್ಟಿ), ನಡುವೆ ಹಿಗ್ಗುವ ಹಗ್ಗ. ಲಗಾಮು ಇಲ್ಲ, ಎಲ್ಲ ಬಾಯಿಮಾತಲ್ಲೇ. 'ಜೀ' ಎಂದರೆ ಬಲಕ್ಕೆ, 'ಹಾ' ಎಂದರೆ ಎಡಕ್ಕೆ. ನಮ್ಮ ನಾಯಿ ಕೆಂಚನಿಗೆ ಎರಡೂ ಚೆನ್ನಾಗಿ ಗೊತ್ತು, ಅಳಿಲು ಕಾಣುವವರೆಗೆ! ಹೋದ ಜನವರಿಯಲ್ಲಿ ಅವನು ಮರದ ಆ ಕಡೆ, ನಾನು ಈ ಕಡೆ, ಹಗ್ಗ ಮರಕ್ಕೆ. ಮೂಗಿನೊಳಗೆಲ್ಲ ಹಿಮ. ಥಟ್ಟನೆ ಬಿಚ್ಚುವ ಕೊಂಡಿ ಇತ್ತು, ಸೊಂಟ ಉಳಿಯಿತು. ಅವನೋ, ಸುಮ್ನೆ ಬಾಲ ಆಡಿಸುತ್ತ ನಿಂತಿದ್ದ.

ಆದರೂ ಹೆಪ್ಪುಗಟ್ಟಿದ ಕೆರೆಯ ಮೇಲೆ ಅವನು ಓಟ ಕಿತ್ತರೆ ಕಣ್ಣಲ್ಲಿ ನೀರು ಬರುತ್ತದೆ, ಗಾಳಿಗೂ ಖುಷಿಗೂ. ಇಲ್ಲಿನ ಕನ್ನಡಿಗರು ಯಾರಾದರೂ ಶುರು ಮಾಡುವುದಾದರೆ ಲೋಹದ ಅಂಚಿನ ಸ್ಕೀ ಮಾತ್ರ ಬೇಡ. ಬಿದ್ದಾಗ ಅದು ನಾಯಿಯ ಕಾಲನ್ನೇ ಕೊಯ್ದುಬಿಡಬಹುದು.

– ಒಬ್ಬ ಓದುಗ, ಮಿನಿಯಾಪೊಲಿಸ್