ಒದ್ದೆ ಬಟ್ಟೆಯ ‘ಹೊಸ ಹೊಳಪು’

ಮಾನ್ಯ ಸಂಪಾದಕರೇ,

‘ದಾನಿಗಳ ನೆರವಿನಿಂದ ಮ್ಯೂಸಿಯಂಗೆ ಹೊಸ ಹೊಳಪು’ ಎಂದು ಸೋಮವಾರದ ನಿಮ್ಮ ಪತ್ರಿಕೆಯಲ್ಲಿ ವರದಿ ಬಂದಿದೆ. ಫೋಟೊದ ಎಡತುದಿಯಲ್ಲಿ ಅರ್ಧ ಮುಖ ಕಾಣುವವಳು ನಾನೇ. ಆ ಹೊಳಪಿನ ಬಗ್ಗೆ ಎರಡು ಮಾತು.

ನಮ್ಮ ಮನೆಯ ಅಟ್ಟದ ಮೇಲಿದ್ದ ಕಡತವೊಂದನ್ನು ಮೂರು ವರ್ಷದ ಹಿಂದೆ ಕೋಟೆ ಬೀದಿಯ ಈ ಮ್ಯೂಸಿಯಂಗೆ ಕೊಟ್ಟಿದ್ದೆ. ಈಗಿನವರಿಗೆ ಕಡತ ಅಂದರೆ ತಾಲ್ಲೂಕು ಕಚೇರಿಯ ಫೈಲು. ಹಳೇ ಕಡತವೇ ಬೇರೆ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದ ಕಡತಗಳನ್ನು ಓದಿ ವಿದ್ವಾಂಸರು ಇತಿಹಾಸ ಬರೆದಿದ್ದಾರೆ. ನಮ್ಮದರಲ್ಲಿ ಇತಿಹಾಸವೇನೂ ಇರಲಿಲ್ಲ. ಅಡಿಕೆ ಲೆಕ್ಕ, ಯಾರ ಮನೆಗೆ ಎಷ್ಟು ಕೊಳಗ ಭತ್ತ ಹೋಯಿತು, ಯಾರು ವಾಪಸು ಕೊಡಲಿಲ್ಲ, ಇಷ್ಟೇ. ಮಾವನವರ ತಾತನ ಕೈಬರಹ.

ಭಾನುವಾರ ದಾನಿಗಳಿಗೆ ಸನ್ಮಾನ, ಹತ್ತು ಗಂಟೆಗೆ ಸರಿಯಾಗಿ ಬನ್ನಿ ಎಂದರು. ಮಂಡಿನೋವಿನ ಕಾಲು ಎಳೆದುಕೊಂಡು, ಆಟೊಕ್ಕೆ ನೂರಿಪ್ಪತ್ತು ಕೊಟ್ಟು, ಮೊಮ್ಮಗಳ ಕೈ ಹಿಡಿದುಕೊಂಡು ಹೋದೆ. ಮುಖ್ಯ ಅತಿಥಿಗಳು ಬಂದದ್ದು ಒಂದೂವರೆಗೆ. ಅಷ್ಟು ಹೊತ್ತು ಶಾಮಿಯಾನದ ಕೆಳಗೆ ಬೇಯುವ ಬದಲು ಮಗುವಿಗೆ ನಮ್ಮ ಕಡತ ತೋರಿಸೋಣ ಎಂದು ಒಳಗೆ ಹೋದರೆ, ಗಾಜಿನ ಪೆಟ್ಟಿಗೆಯ ಮೇಲೆ, ಸರಿಯಾಗಿ ಮಗುವಿನ ಕಣ್ಣಿನ ಎತ್ತರಕ್ಕೆ, ಪೆಟ್ಟಿಗೆ ಕೊಟ್ಟ ದಾನಿಯ ಹೆಸರಿನ ಸ್ಟಿಕ್ಕರ್! ಅವಳನ್ನು ಎತ್ತಿಕೊಂಡು ನೋಡಿದರೆ ಕಡತ ಕಪ್ಪಗೆ ಫಳಫಳ ಹೊಳೆಯುತ್ತಿದೆ. ಒಂದಕ್ಷರವೂ ಇಲ್ಲ.

‘ಟೀಚರೇ, ಎಂಥಾ ಧೂಳು ಕೂತಿತ್ತು ಅಂತೀರಿ! ಮೂರು ಸಲ ಒದ್ದೆ ಬಟ್ಟೇಲಿ ಒರೆಸಿದೀನಿ’ ಎಂದ ಅಲ್ಲಿನ ಹುಡುಗ. ದಿನಗೂಲಿಯವನು, ನನ್ನ ಹಳೇ ವಿದ್ಯಾರ್ಥಿ. ಸ್ಲೇಟು ಒರೆಸುವುದನ್ನು ಅವನಿಗೆ ಕಲಿಸಿದವಳೇ ನಾನು, ಏನಂತ ಬಯ್ಯಲಿ? ಮಡಿಕೆಗಳ ಸಂದಿಯಲ್ಲಿ ಬೆಳ್ಳಗೆ ಒಂದು ಗೆರೆ ಉಳಿದಿತ್ತು. ಅದನ್ನೂ ಉಜ್ಜಲು ಬಟ್ಟೆ ತೆಗೆದ, ಕೈ ಹಿಡಿದುಕೊಂಡೆ.

ಆಮೇಲೆ ನನಗೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಬುಟ್ಟಿಯಲ್ಲಿ ಎರಡು ಸೇಬು ಕೊಳೆತಿದ್ದವು.

ದಾನ ಬೇಡವೆಂದು ನಾನು ಹೇಳುತ್ತಿಲ್ಲ. ಮನೆ ಮನೆ ತಿರುಗಿ ತಾಳೆಗರಿ, ಕಾಗದಪತ್ರ ಕೂಡಿಹಾಕಿದ ಗುಂಡಾ ಜೋಯಿಸರಿಂದಲ್ಲವೇ ಕೆಳದಿಯ ಮ್ಯೂಸಿಯಂ ಆದದ್ದು? ರಾಮನಗರದ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಅಧಿಕಾರಿ! ನಮ್ಮ ಅಧಿಕಾರಿಗಳು ಓದಲಿ ಎಂದೇ ಬರೆಯುತ್ತಿದ್ದೇನೆ. ಇಲ್ಲಿ ದಾನ ಅಂದರೆ ಗ್ರಾನೈಟ್ ಕಲ್ಲು. ಬಾಗಿಲಲ್ಲಿರುವ ದಾನಿಗಳ ಫಲಕದಷ್ಟು ದೊಡ್ಡ ವಸ್ತು ಒಳಗೆ ಒಂದೂ ಇಲ್ಲ. ಸೋರುವ ಹೆಂಚಿಗೆ, ಗೆದ್ದಲಿನ ಔಷಧಿಗೆ, ಸಾಮಾನಿನ ಪಟ್ಟಿ ಬರೆದಿಡಲು ಒಬ್ಬ ತಿಳಿದವರ ಸಂಬಳಕ್ಕೆ ಯಾರೂ ಕೊಡುವುದಿಲ್ಲ. ಹೆಂಚಿನ ಮೇಲೆ ಹೆಸರು ಬರೆಸಿದರೆ ಕಾಗೆ ಮಾತ್ರ ಓದೀತು, ಅದಕ್ಕಿರಬೇಕು.

ನಾನೂ ಐದು ಸಾವಿರ ನಗದು ಕೊಟ್ಟಿದ್ದೆ. ರಸೀದಿ ಕೇಳಿದ್ದಕ್ಕೆ ಸಮಿತಿಯವರು ಬಿಳಿ ಚೀಟಿ ಹರಿದು ಕೊಟ್ಟರು. ಬೆಂಗಳೂರಿನ ಮಗ ಫೋನಿನಲ್ಲಿ ನಕ್ಕ: ‘ಅಮ್ಮಾ, ದಾನಕ್ಕೆ ತೆರಿಗೆ ವಿನಾಯಿತಿ ಸಿಗುವ 80ಜಿ ನೋಂದಣಿ ಇದೆಯೋ ಕೇಳಿದ್ಯಾ? ಇದ್ದರೂ 2,000 ರೂಪಾಯಿ ದಾಟಿದ ನಗದಿಗೆ ವಿನಾಯಿತಿ ಇಲ್ಲ, ಚೆಕ್ ಕೊಡಬೇಕು.’ ಇದನ್ನು ಹೇಳಬೇಕಾದವರು ಯಾರು, ಇಸ್ಕೊಂಡವರಲ್ಲವೇ? ಕೇಳಿದರೆ ‘ಸಿಎಸ್‌ಆರ್ ಹಣ ಬರುತ್ತೆ’ ಎಂಬ ಮಂತ್ರ. 2013ರ ಕಂಪನಿ ಕಾಯ್ದೆಯಲ್ಲಿ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದಿದೆ, ಪಟ್ಟಿಯಲ್ಲಿ ಪರಂಪರೆಯ ರಕ್ಷಣೆಯೂ ಇದೆ, ನಿಜ. ಆದರೆ ಒಂದು ಅರ್ಜಿಯನ್ನಾದರೂ ಬರೆದಿದ್ದಾರೆಯೇ? ನಮ್ಮ ಊರಿನಲ್ಲಿರುವ ದೊಡ್ಡ ಕಂಪನಿ ಅಂದರೆ ಅಡಿಕೆ ಮಂಡಿ.

ಮನೆ ಕಂದಾಯದ ಜತೆ ಶೇ 6 ಗ್ರಂಥಾಲಯ ಕರ, ಶೇ 3 ಭಿಕ್ಷುಕರ ಕರ ತಪ್ಪದೆ ಕಟ್ಟುತ್ತೇನೆ. ಮ್ಯೂಸಿಯಂಗೆ ಅಂತ ಕರ ಇಲ್ಲ, ಹಾಗಾಗಿ ಅದು ಬಾಗಿಲಲ್ಲಿ ಹುಂಡಿ ಇಟ್ಟುಕೊಂಡು ಕೂತಿದೆ. ಗ್ರಂಥಾಲಯದಲ್ಲೇನು ದೊಡ್ಡ ಸುಖವಿದೆ, ಅಲ್ಲಿ ಫ್ಯಾನು ಕೆಟ್ಟು ಎರಡು ಬೇಸಿಗೆ ಕಳೆಯಿತು. ಮನೆ ಖಾತೆ ಬದಲಾವಣೆಗೆ ನಾನು ಅರ್ಜಿ ಹಾಕಿ ಹದಿನೆಂಟು ತಿಂಗಳಾಯಿತು. ಆ ಕಡತವನ್ನು ಮಾತ್ರ ಒದ್ದೆಯೋ ಒಣಗಿದ್ದೋ, ಯಾವ ಬಟ್ಟೆಯೂ ಇನ್ನೂ ಮುಟ್ಟಿಲ್ಲ.

ಸಂಬಂಧಪಟ್ಟವರು ಈ ಕೂಡಲೇ ಕ್ರಮ ಕೈಗೊಳ್ಳಬೇಕು. ತಿಳಿದ ಒಬ್ಬರನ್ನು ಸಂಬಳ ಕೊಟ್ಟು ಇಡಲಿ. ಆಗದಿದ್ದರೆ ನಮ್ಮ ನಮ್ಮ ಸಾಮಾನು ನಮಗೆ ವಾಪಸು ಕೊಡಲಿ, ನನ್ನ ಐದು ಸಾವಿರವನ್ನೂ. ಬೇಡ, ದುಡ್ಡು ಅವರೇ ಇಟ್ಟುಕೊಂಡು ಒಂದಷ್ಟು ಒಣ ಬಟ್ಟೆ ಕೊಳ್ಳಲಿ. ಹಾಗೆಯೇ, ಬಸ್ ನಿಲ್ದಾಣದ ಹೆಂಗಸರ ಶೌಚಾಲಯದ ಬೀಗದ ಕೈ ಯಾರ ಜೇಬಿನಲ್ಲಿದೆ ಎಂಬುದನ್ನೂ ಪತ್ತೆ ಮಾಡಲಿ.

— ನಿವೃತ್ತ ಶಿಕ್ಷಕಿ, ಕೋಟೆ ಬೀದಿ ಹಿಂಭಾಗ