ಕಣಕಾಲು ಮುರಿದರೆ ಕೀಲಿನ ಒಳಗನ್ನೂ ನೋಡಲಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆ ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿಯೊಂದರ ಗುಮಾಸ್ತ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮೂಟೆ ಹೊತ್ತು ಲಾರಿಯ ಹಲಗೆ ಏರುವ ಹಮಾಲರ ಕಾಲು ಹೊರಳುವುದು ಇಲ್ಲಿ ಹೊಸದಲ್ಲ. ನಮ್ಮ ಅಂಗಡಿಯ ಹಮಾಲರೊಬ್ಬರ ಕಣಕಾಲು ಹೀಗೆಯೇ ಮುರಿಯಿತು. ಖಾಸಗಿ ಆಸ್ಪತ್ರೆಯೊಂದರಲ್ಲಿ ಪ್ಲೇಟು, ಸ್ಕ್ರೂ ಹಾಕಿದರು. ಮೂಳೆ ಕೂಡಿತು, ನೋವು ಹೋಗಲಿಲ್ಲ. ಹಲಗೆಯ ಮೇಲೆ ಕಾಲೂರಿದರೆ ಕೀಲಿನೊಳಗೆ ಏನೋ ಸಿಕ್ಕಿಕೊಂಡಂತಾಗಿ ಮೂಟೆಸಮೇತ ನಿಂತುಬಿಡುತ್ತಿದ್ದರು. ತೋರಿಸಲು ಹೋದಾಗಲೆಲ್ಲ ‘ಎಕ್ಸ್‌ರೇ ಸರಿಯಾಗಿದೆ’ ಎಂಬ ಉತ್ತರವೇ ಸಿಗುತ್ತಿತ್ತು. ಕೊನೆಗೆ ಬೇರೆ ಊರಿನಲ್ಲಿ ಆರ್ತ್ರೋಸ್ಕೋಪಿ (ಸಣ್ಣ ರಂಧ್ರದಿಂದ ದುರ್ಬೀನು ತೂರಿಸಿ ಕೀಲಿನ ಒಳಗೆ ನೋಡುವ ವಿಧಾನ) ಮಾಡಿದಾಗ, ಮೂಳೆಯ ತುದಿಗೆ ಹೊದಿಕೆಯಂತಿರುವ ಮೃದ್ವಸ್ಥಿಯ ತೊಗರಿಬೇಳೆಯಷ್ಟು ಚೂರೊಂದು ಕಳಚಿಕೊಂಡು ಕೀಲಿನಲ್ಲಿ ಓಡಾಡುತ್ತಿರುವುದು ಪರದೆಯ ಮೇಲೆ ಕಂಡಿತು.

ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲ. ಕಣಕಾಲು ಮುರಿಯುವಾಗ ಒಳಗಿನ ಈ ನುಣುಪು ಪದರಕ್ಕೂ ಪೆಟ್ಟು ಬೀಳುವುದು ಸಾಮಾನ್ಯ. ಮುಂಭಾಗದಲ್ಲಿ ಎರಡು ಸಣ್ಣ ರಂಧ್ರ ಮಾಡಿ, ಸಲೈನ್ ಹರಿಸಿ, ಸುಮಾರು 2.7 ಮಿ.ಮೀ. ದಪ್ಪದ ದುರ್ಬೀನು ತೂರಿಸಿದರೆ ಚೂರುಗಳನ್ನು ತೆಗೆಯಬಹುದು, ಮೂಳೆ ನಿಖರವಾಗಿ ಕೂತಿದೆಯೇ ಎಂದು ಕಣ್ಣಾರೆ ನೋಡಬಹುದು. ಈ ನಿಖರತೆ ಸಣ್ಣ ಮಾತಲ್ಲ. ಪಾದದ ಟೇಲಸ್ ಮೂಳೆ ಹೊರಕ್ಕೆ ಒಂದೇ ಮಿ.ಮೀ. ಸರಿದರೂ ಕೀಲಿನಲ್ಲಿ ಮೂಳೆಗಳು ಒಂದಕ್ಕೊಂದು ತಾಗುವ ಜಾಗ ಸರಾಸರಿ ಶೇ 42ರಷ್ಟು ಕಡಿಮೆಯಾಗುತ್ತದೆ ಎಂದು 1976ರಲ್ಲೇ ಪ್ರಕಟವಾದ ಅಧ್ಯಯನ ಹೇಳಿದೆ.

ಎಲ್ಲರಿಗೂ ಇದನ್ನೇ ಮಾಡಿ ಎಂದು ನಾನು ಹೇಳುತ್ತಿಲ್ಲ. ಶಸ್ತ್ರಚಿಕಿತ್ಸೆಯ ಸಮಯ ಹೆಚ್ಚುತ್ತದೆ, ನೀರು ಸೋರಿ ಕಾಲು ಬಾತುಕೊಳ್ಳಬಹುದು, ಪಾದದ ಮುಂಭಾಗದ ನರಕ್ಕೆ ತಗುಲುವ ಅಪಾಯವೂ ಇದೆ. ಸರಳ ಮುರಿತಕ್ಕೆ ಇದು ಬೇಕಾಗದು. ಆದರೆ ಕೀಲು ತಪ್ಪಿದ್ದರೆ, ಕಣಕಾಲಿನ ಮೇಲೆ ಕಾಲಿನ ಎರಡು ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜು (ಲಿಗಮೆಂಟ್) ಹರಿದ ಅನುಮಾನವಿದ್ದರೆ, ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಒಳಗೆ ನೋಡುವ ಬಗ್ಗೆ ವೈದ್ಯರು ಯೋಚಿಸಲೇಬೇಕು. ಮೊಣಕಾಲಿನ ಲಿಗಮೆಂಟಿಗೆ ನಮ್ಮೂರಲ್ಲೂ ಆರ್ತ್ರೋಸ್ಕೋಪಿ ಮಾಡುತ್ತಾರೆ. ಕೂಲಿಕಾರನ ಕಣಕಾಲಿಗೆ ಅದು ಏಕೆ ನೆನಪಾಗುವುದಿಲ್ಲ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಅಗತ್ಯವಿರುವ ಹಮಾಲರಿಗೆ ಕಣಕಾಲಿನ ಆರ್ತ್ರೋಸ್ಕೋಪಿ ಸೌಲಭ್ಯ ಜಿಲ್ಲಾ ಆಸ್ಪತ್ರೆಯಲ್ಲೇ ಸಿಗುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ. ಇನ್ನು ವೈದ್ಯರಲ್ಲಿ ನನ್ನ ವಿನಂತಿ: ಡಿಸ್ಚಾರ್ಜ್ ಚೀಟಿಯಲ್ಲಿ ‘ಪ್ಲೇಟ್ ಹಾಕಲಾಗಿದೆ’ ಎಂದಷ್ಟೇ ಬರೆದು ಕಳಿಸಬೇಡಿ. ಮೃದ್ವಸ್ಥಿ ನೋಡಿದಿರಾ, ಹೇಗಿತ್ತು, ಮತ್ತೆ ಮೂಟೆ ಹೊರುವುದು ಯಾವಾಗ ಎಂಬುದನ್ನು ಕನ್ನಡದಲ್ಲಿ ಬರೆದುಕೊಡಿ.

– ಎಪಿಎಂಸಿ ಗುಮಾಸ್ತ, ದಾವಣಗೆರೆ