ಚಳಿ ಇಳಿಯುವ ದಿನಕ್ಕೂ ಒಂದು ಎಚ್ಚರಿಕೆ ಬೇಕು

ಮಾನ್ಯ ಸಂಪಾದಕರೇ,

ಎಲ್ಲಾದರೂ ದೊಡ್ಡ ಹಿಮಪಾತವಾದಾಗ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳು ಹಿಮದಲ್ಲಿ ಹೂತುಹೋದ ಕಾರುಗಳ ಚಿತ್ರವನ್ನೂ ಶೂನ್ಯಕ್ಕಿಂತ ಕೆಳಗಿಳಿದ ತಾಪಮಾನದ ಅಂಕಿಗಳನ್ನೂ ತಪ್ಪದೆ ಪ್ರಕಟಿಸುತ್ತವೆ. ಎರಡು ಮೂರು ದಿನಗಳ ನಂತರ ಚಳಿ ಇಳಿಯಿತು ಎಂಬ ಒಂದು ಸಾಲಿನೊಂದಿಗೆ ಸುದ್ದಿ ಮುಗಿಯುತ್ತದೆ. ಹಿಮ ಬೀಳುವ ನಗರವೊಂದರಲ್ಲಿ ಹಲವು ವರ್ಷಗಳಿಂದ ವಾಸವಾಗಿರುವ ನನ್ನ ಅನುಭವದಲ್ಲಿ, ಮನೆಯೊಳಗಿನ ಕಷ್ಟ ಶುರುವಾಗುವುದು ಆ ಸಾಲು ಅಚ್ಚಾಗುವ ದಿನವೇ. ಅಂಥ ನಗರಗಳಲ್ಲಿರುವ ತಮ್ಮ ಓದುಗರಿಗೆ ಉಪಯೋಗವಾದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಜನವರಿಯಲ್ಲಿ ನಾವು ಒಂಬತ್ತು ದಿನ ಮನೆಗೆ ಬೀಗ ಹಾಕಿ ಹೋಗಿದ್ದೆವು. ಯಾರೂ ಇಲ್ಲದ ಮನೆಯನ್ನು ಬೆಚ್ಚಗಿಡುವುದು ದುಂದುವೆಚ್ಚವೆಂದು ಲೆಕ್ಕ ಹಾಕಿ ಹೀಟರನ್ನು ತೀರಾ ಕೆಳಮಟ್ಟಕ್ಕೆ ಇಳಿಸಿದ್ದೆ. ನಾವಿಲ್ಲದಾಗ ಹೊರಗಿನ ತಾಪಮಾನ ಮೈನಸ್ 22 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಹಿಂತಿರುಗಿದ ರಾತ್ರಿ ಮನೆ ಇದ್ದ ಹಾಗೆಯೇ ಇತ್ತು. ಅಡುಗೆಮನೆಯ ನಲ್ಲಿಯಲ್ಲಿ ಮಾತ್ರ ನೀರು ಬರಲಿಲ್ಲ. ಬೆಳಿಗ್ಗೆ ನೋಡಿದರಾಯಿತು ಎಂದು ಹೀಟರ್ ಏರಿಸಿ ಮಲಗಿದೆವು. ಬೆಳಗಿನ ಜಾವ ಗೋಡೆಯೊಳಗಿನಿಂದ ಸುಂಯ್ ಎಂಬ ಸದ್ದು ಕೇಳಿ ಎದ್ದು ಕೆಳಗಿಳಿದರೆ, ನೆಲಮಾಳಿಗೆಯ ಚಾವಣಿಗೆ ಹೊಡೆದಿದ್ದ ಜಿಪ್ಸಂ ಹಲಗೆ ನೀರು ತುಂಬಿದ ಚೀಲದಂತೆ ಜೋತುಬಿದ್ದಿತ್ತು. ಕೆಳಗೆ ಬಕೆಟ್ ಇಟ್ಟು, ಸ್ಕ್ರೂಡ್ರೈವರ್‌ನಿಂದ ಅದಕ್ಕೊಂದು ತೂತು ಮಾಡಿ ನೀರನ್ನು ಇಳಿಯಬಿಟ್ಟದ್ದು ಅಂದು ನಾನು ಮಾಡಿದ ಒಂದೇ ಸರಿಯಾದ ಕೆಲಸ. ಇಲ್ಲದಿದ್ದರೆ ಇಡೀ ಹಲಗೆ ಒಮ್ಮೆಲೇ ಕಳಚಿ ಬೀಳುತ್ತಿತ್ತು.

ಉಳಿದದ್ದೆಲ್ಲ ತಪ್ಪೇ. ಮನೆಗೆ ನೀರು ಬರುವ ಮುಖ್ಯ ವಾಲ್ವ್ ಎಲ್ಲಿದೆ ಎಂಬುದು, ಆ ಮನೆಯಲ್ಲಿ ಆರು ವರ್ಷ ಇದ್ದರೂ, ನನಗೆ ಗೊತ್ತಿರಲಿಲ್ಲ. ಹಳೆಯ ಪೆಟ್ಟಿಗೆಗಳ ರಾಶಿಯ ಹಿಂದೆ ಅದು ಸಿಕ್ಕಾಗ ತಿರುಗಲೂ ಒಪ್ಪಲಿಲ್ಲ. ಹುಡುಕಿ ಮುಚ್ಚುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು. ನಿಮಿಷಕ್ಕೆ 15 ಲೀಟರ್ ಎಂದು ಹಿಡಿದರೂ 300 ಲೀಟರ್ ನೀರು ಗೋಡೆ, ನೆಲ, ಚಾವಣಿಗಳಿಗೆ ಇಳಿದಂತಾಯಿತು. ಆ ಕತ್ತಲಲ್ಲಿ, ಮನೆಯ ವಿದ್ಯುತ್ ಪೆಟ್ಟಿಗೆಯ ಮುಖ್ಯ ಸ್ವಿಚ್ ಆರಿಸದೆ ನಿಂತ ನೀರಿಗೆ ಕಾಲಿಟ್ಟದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಆ ವಿದ್ಯುತ್ ಪೆಟ್ಟಿಗೆಯೇ ನೀರಿನಲ್ಲಿದ್ದರೆ ಅದರ ಹತ್ತಿರ ಸುಳಿಯದೆ, ವಿದ್ಯುತ್ ಸಂಸ್ಥೆಗೆ ಹೇಳಿ ಹೊರಗಿನಿಂದಲೇ ಕಡಿತ ಮಾಡಿಸಬೇಕು.

ಪ್ಲಂಬರ್ ಕತ್ತರಿಸಿ ಕೊಟ್ಟ ತಾಮ್ರದ ಪೈಪಿನ ತುಂಡು ಇಂದಿಗೂ ನನ್ನ ಮೇಜಿನ ಮೇಲಿದೆ. ಎರಡು ಬೆರಳಗಲದಷ್ಟು ಉದ್ದಕ್ಕೆ, ಬಿಸಿಲಿಗೆ ಬಿರಿದ ಕಾಯಿಯ ಸಿಪ್ಪೆಯಂತೆ ಅದರ ತುಟಿ ಹೊರಕ್ಕೆ ಮಡಚಿಕೊಂಡಿದೆ. ನೀರು ಹೆಪ್ಪುಗಟ್ಟುವಾಗ ಅದರ ಗಾತ್ರ ಸುಮಾರು 9% ಹಿಗ್ಗುತ್ತದೆ ಎಂಬುದನ್ನು ಶಾಲೆಯಲ್ಲಿ ಓದಿರುತ್ತೇವೆ. ಆದರೆ ಪೈಪು ಒಡೆಯುವುದು ಮಂಜುಗಡ್ಡೆ ಕಟ್ಟಿದ ಜಾಗದಲ್ಲಿಯೇ ಆಗಬೇಕೆಂದಿಲ್ಲ. ಗಡ್ಡೆಯು ಬಿರಡೆಯಂತೆ ಕುಳಿತು ಬೆಳೆಯುತ್ತ, ತನಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕಿಬಿದ್ದ ನೀರನ್ನು ಒತ್ತುತ್ತದೆ, ಆ ಒತ್ತಡ ತಾಳಲಾರದೆ ಎಲ್ಲಿ ದುರ್ಬಲವಾಗಿದೆಯೋ ಅಲ್ಲಿ ಪೈಪು ಸೀಳುತ್ತದೆ. ಕಡುಚಳಿಯ ರಾತ್ರಿ ನಲ್ಲಿಯನ್ನು ತೊಟ್ಟಿಕ್ಕುವಷ್ಟು ತೆರೆದಿಡಿ ಎಂದು ಹಳಬರು ಹೇಳುವುದರ ಗುಟ್ಟು ಇದೇ: ಹರಿಯುವ ನೀರು ಹೆಪ್ಪುಗಟ್ಟುವುದು ತಡ ಎಂಬುದು ಅರ್ಧ ಕಾರಣವಾದರೆ, ಒತ್ತಡಕ್ಕೆ ಹೊರದಾರಿ ಇರುತ್ತದೆ ಎಂಬುದು ಇನ್ನರ್ಧ. ಸೀಳಿದ ಪೈಪಿಗೆ ಅದೇ ಗಡ್ಡೆ ಬಿರಡೆಯಾಗಿರುವವರೆಗೆ ಒಂದು ಹನಿಯೂ ಹೊರಬಾರದಿರಬಹುದು. ಗಡ್ಡೆ ಕರಗಿದ ಮೇಲೆಯೇ ನೀರು ನುಗ್ಗುವುದು. ಆದ್ದರಿಂದ ಚಳಿಯಲ್ಲಿ ನಲ್ಲಿ ನಿಂತಿದೆ ಎಂದರೆ ಮೊದಲು ಮುಖ್ಯ ವಾಲ್ವ್ ಮುಚ್ಚಿ, ಆ ನಲ್ಲಿಯನ್ನು ತೆರೆದಿಟ್ಟು, ನಲ್ಲಿಯ ಕಡೆಯಿಂದ ಹಿಂದಕ್ಕೆ ಹೇರ್ ಡ್ರೈಯರ್‌ನಂಥ ಹಗುರ ಬಿಸಿಯಿಂದ ಪೈಪನ್ನು ಕರಗಿಸುತ್ತ ಬರಬೇಕೇ ಹೊರತು, ನನ್ನಂತೆ ಮಲಗಬಾರದು. ಬೆಂಕಿಯ ಜ್ವಾಲೆಯನ್ನಂತೂ ಪೈಪಿನ ಬಳಿ ತರಲೇಕೂಡದು. ಗೋಡೆಯೊಳಗಿನ ಮರಕ್ಕೆ ಕಿಡಿ ಹತ್ತಿದರೆ ನೀರಿನ ಹಾನಿಯೇ ವಾಸಿ ಎನಿಸುತ್ತದೆ.

ಇದು ಸದಾ ಹಿಮ ಕಾಣುವ ಊರುಗಳ ಮಾತಷ್ಟೇ ಅಲ್ಲ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕಡುಚಳಿಯೊಂದಿಗೆ ವಿದ್ಯುತ್ತೂ ಕೈಕೊಟ್ಟಾಗ, ಬಿಸಿಲನ್ನೇ ನೆಚ್ಚಿ ಕಟ್ಟಿದ್ದ ಮನೆಗಳ ಪೈಪುಗಳು ರಾಜ್ಯದುದ್ದಕ್ಕೂ ಒಡೆದವು. ಪೈಪುಗಳನ್ನು ಬಿಸಿಯಿಲ್ಲದ ಅಟ್ಟದಲ್ಲಿ ಹಾಯಿಸಿದ್ದ ಎಷ್ಟೋ ಮನೆಗಳಲ್ಲಿ ನೀರು ಚಾವಣಿಯಿಂದಲೇ ಸುರಿಯಿತು.

ಅಟ್ಟದ ಮಾತು ಬಂದದ್ದರಿಂದ ಚಾವಣಿಯ ಸೋರಿಕೆಯನ್ನೂ ಹೇಳಬೇಕು. ಮನೆಯ ಬಿಸಿಗಾಳಿ ಸಂದಿಗಳಿಂದ ಅಟ್ಟಕ್ಕೆ ಏರಿ ಮಾಡನ್ನು ಬೆಚ್ಚಗಾಗಿಸಿದರೆ ಅಲ್ಲಿನ ಹಿಮ ಅಡಿಯಿಂದ ಕರಗಿ ಕೆಳಗೆ ಹರಿಯುತ್ತದೆ, ತಣ್ಣಗಿರುವ ಸೂರಿನಂಚಿಗೆ ಬಂದು ಮತ್ತೆ ಹೆಪ್ಪುಗಟ್ಟಿ ಒಡ್ಡು ಕಟ್ಟುತ್ತದೆ. ಒಡ್ಡಿನ ಹಿಂದೆ ನಿಂತ ನೀರು ಹೊದಿಕೆಯ ಬಿಲ್ಲೆಗಳ ಅಡಿಗೆ ನುಸುಳುತ್ತದೆ. ಏಕೆಂದರೆ ಬಿಲ್ಲೆಗಳನ್ನು ಒಂದರ ಮೇಲೊಂದು ಹೊದಿಸಿರುವುದು ಹರಿದುಹೋಗುವ ನೀರಿಗೆ, ನಿಲ್ಲುವ ನೀರಿಗಲ್ಲ. ಸೂರಿನಿಂದ ಜೋತಾಡುವ ಮಂಜಿನ ಮೊನೆಗಳನ್ನು ಚಂದವೆಂದು ಫೋಟೊ ತೆಗೆಯುವವರು ಮನೆಯ ಬಿಸಿ ಸೋರಿಹೋಗದಂತೆ ತಡೆಯುವ ಪದರವಾದ ಅಟ್ಟದ ಇನ್ಸುಲೇಷನ್ ಅನ್ನೂ ಒಮ್ಮೆ ನೋಡುವುದು ಒಳ್ಳೆಯದು. ಕೊಡಲಿ ಹಿಡಿದು ಮಾಡು ಹತ್ತುವ ಸಾಹಸವನ್ನು ಯಾರೂ ಮಾಡಬಾರದು. ಉದ್ದ ಹಿಡಿಯ ಹಿಮದ ಕುಂಟೆಯಿಂದ ನೆಲದಲ್ಲಿ ನಿಂತೇ ಅಂಚಿನ ಹಿಮವನ್ನು ಎಳೆದು ಹಾಕಬಹುದು.

ಹಾಗೆ ಎಳೆದ ಹಿಮವನ್ನೂ ದಾರಿಯಿಂದ ಬಾಚಿದ ಹಿಮವನ್ನೂ ಗೋಡೆಗೆ ಒತ್ತಿ ಪೇರಿಸಬಾರದು. ಹತ್ತು ಮೀಟರ್ ಉದ್ದದ ಗೋಡೆಯ ಬುಡದಲ್ಲಿ ಒಂದು ಮೀಟರ್ ಅಗಲಕ್ಕೆ 60 ಸೆಂಟಿಮೀಟರ್ ಎತ್ತರದ ಅಮುಕಿದ ಹಿಮವಿದ್ದರೆ, ಅದರ ಕಾಲು ಭಾಗವೇ ನೀರೆಂದು ಹಿಡಿದರೂ 1,500 ಲೀಟರ್ ಅಡಿಪಾಯದ ಪಕ್ಕದಲ್ಲಿ ಕಾದು ಕುಳಿತಂತೆ. ನೆಲಮಾಳಿಗೆಯ ಗುಂಡಿಯಿಂದ ನೀರೆತ್ತುವ ಪಂಪು ಇದ್ದವರು, ಅದರ ನೀರು ಹೊರಬೀಳುವ ಪೈಪಿನ ಬಾಯಿ ಹೆಪ್ಪುಗಟ್ಟಿಲ್ಲವೇ ಎಂದು ನೋಡಿಕೊಳ್ಳಬೇಕು.

ಇನ್ನು ಒಣಗಿಸುವ ಮಾತು. ನನಗೆ ಹೆಚ್ಚು ನಷ್ಟ ತಂದದ್ದು ಒಡೆದ ಪೈಪಲ್ಲ, ಒಣಗಿತೆಂದು ನಾನು ನಂಬಿದ ಗೋಡೆ. ನೆಲ ಒರೆಸಿ, ಫ್ಯಾನ್ ಹಾಕಿ, ಮೂರನೆಯ ದಿನ ಗೋಡೆ ಮುಟ್ಟಿ ನೋಡಿದಾಗ ಕೈಗೆ ತೇವ ಹತ್ತಲಿಲ್ಲವಾದ್ದರಿಂದ ಕೆಲಸ ಮುಗಿಯಿತೆಂದುಕೊಂಡೆ. ಮೂರು ವಾರದ ನಂತರ ಮುಗ್ಗು ವಾಸನೆ ಶುರುವಾಯಿತು. ಸ್ಕರ್ಟಿಂಗ್ ಪಟ್ಟಿ ಕಿತ್ತು ನೋಡಿದರೆ ಹಲಗೆಯ ಹಿಂಬದಿಯ ಕಾಗದದ ತುಂಬ ಕಪ್ಪು ಚುಕ್ಕೆಗಳು, ಒಳಗಿನ ಇನ್ಸುಲೇಷನ್ ಒದ್ದೆ ಕಂಬಳಿಯಂತೆ ಕುಸಿದು ಬುಡದಲ್ಲಿ ಮುದ್ದೆಯಾಗಿತ್ತು. ಒದ್ದೆಯಾದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಮಾತ್ರ ಬೂಷ್ಟನ್ನು ಬಹುಮಟ್ಟಿಗೆ ತಡೆಯಬಹುದು. ಜಿಪ್ಸಂ ಹಲಗೆ ದೀಪದ ಬತ್ತಿಯಂತೆ ನೀರನ್ನು ಮೇಲಕ್ಕೆ ಹೀರುವುದರಿಂದ, ಕಂಡ ನೀರಿನ ಗುರುತಿಗಿಂತ ಸುಮಾರು 30 ಸೆಂಟಿಮೀಟರ್ ಮೇಲಿನವರೆಗೆ ಕತ್ತರಿಸಿ ತೆಗೆದು ಒಳಭಾಗಕ್ಕೆ ಗಾಳಿ ಆಡುವಂತೆ ಮಾಡಬೇಕು. ಗೋಡೆ ಕತ್ತರಿಸಲು ಮನಸ್ಸು ಒಪ್ಪುವುದಿಲ್ಲ ನಿಜ; ನನ್ನ ಮನಸ್ಸೂ ಒಪ್ಪಲಿಲ್ಲ, ಕೊನೆಗೆ ಎರಡರಷ್ಟು ಕತ್ತರಿಸಬೇಕಾಯಿತು. ಒಳಗಿನ ಮರಕ್ಕೆ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿ, 20% ದಾಟಿದ್ದರೆ ಗೋಡೆಯನ್ನು ಮುಚ್ಚಲೇಬಾರದು. ಚರಂಡಿಯಿಂದ ಹಿಂದಕ್ಕೆ ಉಕ್ಕಿ ಬಂದ ನೀರಾದರೆ ಒಣಗಿಸುವ ಪ್ರಶ್ನೆಯೇ ಇಲ್ಲ. ಅದನ್ನು ಹೀರಿದ ಹಲಗೆ, ಇನ್ಸುಲೇಷನ್, ಕಾರ್ಪೆಟ್‌ಗಳನ್ನು ಎಸೆಯಬೇಕು.

ಒಣಗಿಸುವುದರಲ್ಲಿ ಹೊರಗಿನ ಚಳಿಯೇ ನೆರವಾಗುತ್ತದೆ ಎಂದರೆ ಹಲವರು ನಂಬುವುದಿಲ್ಲ. ಮೈನಸ್ 10 ಡಿಗ್ರಿಯ ಗಾಳಿ ಘನಮೀಟರಿಗೆ ಹೆಚ್ಚೆಂದರೆ ಸುಮಾರು 2 ಗ್ರಾಂ ನೀರಾವಿಯನ್ನು ಹಿಡಿದಿರಬಲ್ಲದು. 20 ಡಿಗ್ರಿಯ ಗಾಳಿ ಸುಮಾರು 17 ಗ್ರಾಂ ಹಿಡಿಯಬಲ್ಲದು. ಆಗಾಗ ಹತ್ತು ನಿಮಿಷ ಕಿಟಕಿ ತೆರೆದು ಹೊರಗಿನ ಗಾಳಿಯನ್ನು ಒಳಗೆ ಬಿಟ್ಟು, ಹೀಟರ್‌ನಿಂದ ಅದನ್ನು ಬೆಚ್ಚಗಾಗಿಸಿದರೆ ಆ ಗಾಳಿ ಬಾಯಾರಿದಂತೆ ತೇವವನ್ನು ಹೀರುತ್ತದೆ. ಕಿಟಕಿ ತೆರೆದು ಹೀಟರ್ ಆರಿಸುವವರು ಈ ಲಾಭವನ್ನು ಕಳೆದುಕೊಳ್ಳುತ್ತಾರೆ. ತಣ್ಣನೆಯ ಕೋಣೆಯಲ್ಲಿ ತೇವ ಹೀರುವ ಯಂತ್ರವೂ ತನ್ನ ಸುರುಳಿಗಳ ಮೇಲೆ ಮಂಜು ಕಟ್ಟಿಸಿಕೊಂಡು ಸುಮ್ಮನೆ ಕೂರುತ್ತದೆ.

ವಿಮೆಯ ಕುರಿತು ಒಂದೇ ಮಾತು. ಗುಡಿಸುವ ಮೊದಲು ಫೋಟೊ ತೆಗೆಯಿರಿ, ಒಡೆದ ಪೈಪಿನ ತುಂಡನ್ನು ಎಸೆಯಬೇಡಿ, ಮನೆ ಬಿಟ್ಟು ಹೋಗುವಾಗ ಒಳಗಿನ ತಾಪಮಾನವನ್ನು 13 ಡಿಗ್ರಿಗಿಂತ ಕೆಳಗಿಳಿಸಬೇಡಿ. ಹೀಟರ್ ಎಷ್ಟಕ್ಕಿಟ್ಟಿದ್ದಿರಿ ಎಂದು ನನ್ನನ್ನು ಕೇಳಿದಾಗ ಉತ್ತರಿಸಲು ಬಹಳ ಕಷ್ಟವಾಯಿತು.

ತಮ್ಮಲ್ಲಿ ನನ್ನ ಕೋರಿಕೆ ಸಣ್ಣದು. ಮುಂದಿನ ಚಳಿಗಾಲದಲ್ಲಿ ಚಳಿ ಇಳಿಯಿತು ಎಂಬ ಸುದ್ದಿ ಪ್ರಕಟಿಸುವಾಗ ಅದರ ಕೆಳಗೆ, ನೀರಿನ ಮುಖ್ಯ ವಾಲ್ವ್ ಎಲ್ಲಿದೆ ಎಂದು ಇವತ್ತೇ ಹುಡುಕಿ, ಅದು ತಿರುಗುತ್ತದೆಯೇ ಎಂದು ನೋಡಿ ಎಂಬ ಎರಡು ಸಾಲು ಸೇರಿಸಿ. ಚಿತ್ರ ಬೇಕಿದ್ದರೆ ನನ್ನ ಮೇಜಿನ ಮೇಲಿರುವ ತಾಮ್ರದ ತುಂಡಿನದನ್ನು ಕಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ